ಹೆಸರು ಗೊತ್ತಿಲ್ಲದ ಹಾಡುಗಳ ವಿಳಾಸ

ಬೆಳಗಿನ ಆರೂವರೆ. ಬಿಶ್ಕೆಕ್ ನಗರದ ಬೀದಿದೀಪಗಳು ಇನ್ನೂ ಆರಿಲ್ಲ. ಸಂಗೀತ ಗ್ರಂಥಾಲಯದ ಎರಡನೆಯ ಮಹಡಿಯ ಒಂದೇ ಕಿಟಕಿಯಲ್ಲಿ ಬೆಳಕಿದೆ. ಒಳಗೆ, ಎಲ್ಲರೂ ಎಜೆ ಅಂದರೆ ಅಕ್ಕ ಎಂದು ಕರೆಯುವ ಕಲಿಪಾ ಕೋಟು ಬಿಚ್ಚದೆ ಮೇಜಿನ ಮುಂದೆ ನಿಂತಿದ್ದಾರೆ. ಶ್ರುತಿಕವೆಯನ್ನು ಮೊಣಕೈಗೆ ತಟ್ಟಿ ಕಿವಿಯ ಬಳಿ ಹಿಡಿಯುತ್ತಾರೆ, ತೆರೆದ ಪುಟ ನೋಡಿಕೊಂಡು ಎಂಟು ಸಾಲು ಹಾಡುತ್ತಾರೆ, ನಿಲ್ಲಿಸುತ್ತಾರೆ, ಸಣ್ಣ ಚೀಟಿಯೊಂದರ ಮೇಲೆ ಏನೋ ಬರೆಯುತ್ತಾರೆ. ಮತ್ತೆ ಇನ್ನೊಂದು ಪುಟ, ಇನ್ನೊಂದು ಹಾಡು. ಅವರ ಬಗ್ಗೆ ಬರೆಯಲು ಬಂದ ನಾನು ಮೂಲೆಯಲ್ಲಿ ಕೂತು ಕೇಳುತ್ತೇನೆ. ದನಿ ಇಂಪಾಗಿದೆ ಎನ್ನುವಂತಿಲ್ಲ. ಸ್ವರ ಮಾತ್ರ ಜಾರುವುದಿಲ್ಲ.

ಒಂಬತ್ತಕ್ಕೆ ಓದುಗರು ಬಂದರೆ ಇಲ್ಲಿ ಪಿಸುಮಾತೂ ಕೂಡದು. ಹಾಗಾಗಿ ಹಿಂದಿನ ದಿನ ಜನ ಕೇಳಿಹೋದ ಹಾಡುಗಳನ್ನೆಲ್ಲ ಅವರು ಬೆಳಗಿನ ಜಾವವೇ ಹಾಡಿ ನೋಡುತ್ತಾರೆ. ಬಾಗಿಲು ಕಾಯುವ ತುರಾತ್‌ಗೆ ಇದು ದಿನದ ತಮಾಷೆ. "ನಮ್ಮೂರಲ್ಲಿ ಕೋಳಿ ಕೂಗಿ ಜನ ಏಳ್ತಾರೆ, ಎಜೆ. ಈ ಬೀದೀಲಿ ನೀವು ಕೂಗಿದ ಮೇಲೆ ಕೋಳಿ ಏಳತ್ತೆ" ಎನ್ನುತ್ತಾ ಚಹಾದ ಕೆಟಲು ತಂದಿಡುತ್ತಾನೆ. ಎಜೆ ಅವನಿಗೆ ಎಣ್ಣೆಯಲ್ಲಿ ಕರಿದ ಎರಡು ಬೋರ್ಸೋಕ್ ಕೊಟ್ಟು ಬಾಯಿ ಮುಚ್ಚಿಸುತ್ತಾರೆ.

ಕಲಿಪಾ ಎಜೆಗೆ ಈಗ ಐವತ್ತೊಂಬತ್ತು. ಇಸಿಕ್‌ಕುಲ್ ಸರೋವರದ ದಡದ ಹಳ್ಳಿಯಿಂದ ಬಂದು ಇಲ್ಲಿ ಸೇರಿದ್ದು ಓದುಗರ ಕೋಟು ಟೋಪಿ ಇಸಿದುಕೊಂಡು ಗೂಟಕ್ಕೆ ಹಾಕುವ ಕೆಲಸಕ್ಕೆ. ಒಂದು ಚಳಿಗಾಲ ಕಟ್ಟಡ ಬಿಸಿ ಮಾಡುವ ಕೊಳವೆಗಳೆಲ್ಲ ತಣ್ಣಗಾದವು. ಕೋಟು ಬಿಚ್ಚುವವರೇ ಇಲ್ಲವಾದರು. ಆಕರ ಗ್ರಂಥಗಳ ಕೊಠಡಿಯವರು ಕೆಲಸ ಬಿಟ್ಟು ಬಜಾರಿಗೆ ವ್ಯಾಪಾರಕ್ಕೆ ಹೋದರು. ಎರಡು ವಾರ ಬೀಗದ ಕೈ ಇಟ್ಟುಕೊಂಡಿರು ಎಂದು ಮೇಲಿನವರು ಹೇಳಿದರಂತೆ. ವಾಪಸು ಕೇಳುವುದನ್ನು ಯಾರೋ ಮರೆತರು. ಸ್ವರಲಿಪಿ ಓದಲು ಅವರು ಕಲಿತದ್ದು ಆ ಕೊಠಡಿಯಲ್ಲೇ, ಕೈಗವಸು ಹಾಕಿಕೊಂಡು, ಮಕ್ಕಳ ಮೊದಲ ಪುಸ್ತಕದಿಂದ.

ದಿನಕ್ಕೆ ಮೂವತ್ತರಿಂದ ನಲವತ್ತು ಪ್ರಶ್ನೆಗಳು ಬರುತ್ತವೆ. ಮೂರರಲ್ಲಿ ಒಂದು ಪ್ರಶ್ನೆಗೆ ಹೆಸರಿರುವುದಿಲ್ಲ. ಹಾಡು ಯಾವುದು, ಬರೆದವರು ಯಾರು, ಯಾವ ಆಪೆರಾ, ಕೇಳುವವರಿಗೇ ಗೊತ್ತಿರುವುದಿಲ್ಲ. ಅಂಥವರಿಗಾಗಿ ಎಜೆ ತಮ್ಮದೇ ಚೀಟಿಗಳನ್ನು ಮಾಡಿದ್ದಾರೆ. ಕೇಳಿದವರ ಮಾತನ್ನು ಹಾಗೇ ತಲೆಬರಹವಾಗಿ ಬರೆದು, ಕೆಳಗೆ ಪುಸ್ತಕ, ಧ್ವನಿಮುದ್ರಿಕೆ, ಪುಟ ಸೂಚಿಸುತ್ತಾರೆ. 'ಕುದುರೆ ಕಳಕೊಂಡವನು', 'ವಿಷ ಕುಡಿಯೋಳು', 'ಮುದುಕ ಮದುವೆಗೆ ಹೊರಡೋದು'. ಹದಿನಾಲ್ಕು ಸಾವಿರ ಚೀಟಿಗಳಲ್ಲಿ ಅತಿ ದಪ್ಪ ಕಂತೆ 'ಸಾಯೋ ಮುಂಚೆ ಬಹಳ ಹೊತ್ತು ಹಾಡೋರು'.

ಹೊಸಬರಿಗೆ ಅವರು ದಪ್ಪ ವಿಶ್ವಕೋಶ ಮೊದಲೇ ಕೊಡುವುದಿಲ್ಲ. "ಮೊದಲು ಕಥೆ ತಿಳ್ಕೊ. ಆಮೇಲೆ ಹಾಡಿನ ಮಾತು ಓದು. ಆಮೇಲೆ ಅದನ್ನ ಕೈಲಿ ಹಿಡಕೊಂಡು ಕೇಳು. ಬರೆದವನು ಎಲ್ಲಿ ಹುಟ್ಟಿದ ಅನ್ನೋದು ಓಡಿಹೋಗಲ್ಲ, ಕೊನೆಗೆ ನೋಡು" ಎನ್ನುತ್ತಾರೆ.

ಮಂಗಳವಾರ ಸಂಜೆ ಎಲ್ನುರಾ ಎಂಬ ಹುಡುಗಿ ಬಂದದ್ದೂ ಕಥೆಗಾಗಿಯೇ. ನರೀನ್ ಪಟ್ಟಣದ ಕಡೆಯವಳು, ಇಪ್ಪತ್ತೆರಡು ವರ್ಷ. ಆಪೆರಾ ಒಂದರ ಪಾತ್ರಕ್ಕಾಗಿ ಶುಕ್ರವಾರ ಹನ್ನೊಂದಕ್ಕೆ ರಂಗಮಂದಿರದಲ್ಲಿ ವಾದ್ಯಮೇಳದ ಜೊತೆ ಹಾಡಿ ತೋರಿಸಬೇಕು. ಮದುವೆಯ ಹಿಂದಿನ ದಿನ ತಾಯಿ ಮಗಳ ನಲವತ್ತು ಸಣ್ಣ ಜಡೆ ಬಿಚ್ಚಿ ಎರಡು ಜಡೆ ಹೆಣೆಯುವಾಗ ಮಗಳು ಹಾಡುವ ಹಾಡು. ಊರಿನ ಗುರುಗಳು ಕಳಿಸಿದ, ಕೈಬರಹದ ಪುಟದ ಚಿತ್ರ ಅವಳ ಫೋನಿನಲ್ಲಿತ್ತು. ಹಾಡು ಬಾಯಿಪಾಠವಾಗಿತ್ತು. ಆ ಮಗಳು ಯಾಕೆ ಅಳುತ್ತಾಳೆ ಎಂದು ಕೇಳಿದರೆ ಏನು ಹೇಳಲಿ ಎಂಬುದಷ್ಟೇ ಅವಳ ಚಿಂತೆ. ಎಜೆ ಕಥೆಯ ಪುಸ್ತಕ ಕೊಟ್ಟರು, ಫೋನಿನ ಚಿತ್ರವನ್ನೂ ಉಳಿಸಿಕೊಂಡರು.

ಬುಧವಾರ ಬೆಳಗ್ಗೆ ಅದನ್ನು ಹಾಡಿದಾಗ ಎಜೆಯ ಮುಖ ಬದಲಾಗುತ್ತದೆ. ಈ ಹಾಡಿನ ಎರಡು ಕೈಬರಹದ ಪ್ರತಿಗಳು ಕೊಠಡಿಯಲ್ಲಿವೆ. ಒಂದರ ಶ್ರುತಿ ಇನ್ನೊಂದಕ್ಕಿಂತ ಹಾರ್ಮೋನಿಯಂ ಲೆಕ್ಕದಲ್ಲಿ ಎರಡು ಮನೆ ಕೆಳಗಿದೆ. ಎಲ್ನುರಾ ಕಲಿತಿರುವುದು ಕೆಳಗಿನದು. ವಾದ್ಯಮೇಳ ನುಡಿಸುವುದು ಯಾವುದು? ಎರಡರ ಮೇಲೂ ತಾರೀಖಿಲ್ಲ. ರಂಗಮಂದಿರಕ್ಕೆ ಫೋನು ಮಾಡಿದರೆ, ಕಟ್ಟಡದ ದುರಸ್ತಿಗೆಂದು ವಾದ್ಯಮೇಳದ ಪುಟಗಳೆಲ್ಲ ಪೆಟ್ಟಿಗೆಯಲ್ಲಿವೆ, ಶುಕ್ರವಾರ ಬೆಳಗ್ಗೆಯೇ ಬಿಚ್ಚುವುದು ಎಂಬ ಉತ್ತರ ಬರುತ್ತದೆ.

ಈ ಭಯಕ್ಕೊಂದು ಹಿನ್ನೆಲೆಯಿದೆ. ಹತ್ತೊಂಬತ್ತು ವರ್ಷಗಳ ಹಿಂದೆ ಗುಲ್‌ಬಾರಾ ಎಂಬ ಗಾಯಕಿಗೆ ಎಜೆ ಇಂಥದೇ ಶ್ರುತಿ ಇಳಿಸಿದ ಪ್ರತಿಯೊಂದನ್ನು ನೋಡದೆ ಕೊಟ್ಟಿದ್ದರು. ಪರೀಕ್ಷೆಯ ದಿನ ವಾದ್ಯಗಳು ಎರಡು ಮನೆ ಮೇಲೆ ಶುರುವಾದವು. ಮೂರನೆಯ ಸಾಲಿಗೆ ಗುಲ್‌ಬಾರಾ ಹಾಡು ನಿಲ್ಲಿಸಿದರು, ತಲೆಬಾಗಿ ನಮಸ್ಕರಿಸಿ ಇಳಿದುಹೋದರು, ಮತ್ತೆ ವೇದಿಕೆ ಹತ್ತಲಿಲ್ಲ. "ಒಂದು ಮಾತು ಅನ್ನಲಿಲ್ಲ ನನಗೆ. ಪುಸ್ತಕ ವಾಪಸು ತಂದಿಟ್ಟು ಹೋದಳು. ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ಎಜೆ. ಜಾವದ ಹಾಡು ಶುರುವಾದದ್ದು ಅದರ ಮರುದಿನದಿಂದ.

ಪುಸ್ತಕ ಹೇಳದ್ದನ್ನು ಎಜೆ ಮನುಷ್ಯರಲ್ಲಿ ಹುಡುಕುತ್ತಾರೆ. ಅಂಥವರ ವಿಳಾಸಕ್ಕೇ ಒಂದು ಡಬ್ಬಿಯಿದೆ: ಪರದೆ ಎಳೆಯುತ್ತಿದ್ದವರು, ಮರೆಯಲ್ಲಿ ಕೂತು ಮಾತು ನೆನಪಿಸುತ್ತಿದ್ದವರು, ದೀಪ ಹಾಕುತ್ತಿದ್ದವರು. ಈ ಸಲ ಅವರು ಫೋನು ಮಾಡುವುದು ಸೈರಾ ಅಪಾಗೆ; ತಾಯಿಯಂಥ ಹಿರಿಯರನ್ನು ಇಲ್ಲಿ ಅಪಾ ಎನ್ನುತ್ತಾರೆ. ರಂಗಮಂದಿರಕ್ಕೆ ಬಟ್ಟೆ ಹೊಲಿಯುತ್ತಿದ್ದ ಅಪಾಗೆ ಈಗ ಎಂಬತ್ತೊಂದು. ಮೊದಲು ಮೊಣಕಾಲಿನ ವಿಷಯ ಕಾಲು ಗಂಟೆ ನಡೆಯುತ್ತದೆ. ಆಮೇಲೆ ಹಾಡಿನ ವಿಷಯ.

"ಆ ಹಾಡು ಇಳಿಸಿದ ವರ್ಷ, ಅದನ್ನ ಹಾಡ್ತಿದ್ದವಳ ಅಂಗಿ ಎರಡು ಸಲ ಬಿಚ್ಚಿ ನಾಲ್ಕು ನಾಲ್ಕು ಬೆರಳು ಸಡಿಲ ಮಾಡಿದೀನಿ ಕಣೇ" ಎನ್ನುತ್ತಾರೆ ಅಪಾ. "ಏಳು ತಿಂಗಳ ಬಸುರಿ, ಮೇಲಿನ ಸ್ವರಕ್ಕೆ ಉಸಿರು ಎಲ್ಲಿಂದ ತರ್ತಾಳೆ? ಇಳಿಸಿ ಬರಕೊಟ್ರು. ಹೆತ್ತು ಬಂದವಳು, ನನ್ನ ಹಾಡು ನನಗೆ ವಾಪಸು ಕೊಡಿ ಅಂತ ಕೂತಳು. ಕೊಟ್ರು. ಆಮೇಲೆ ಯಾರೂ ಇಳಿಸಿಲ್ಲ. ನಾನೂ ಅಂಗಿ ಬಿಗಿ ಮಾಡಿದೆ."

ಅಲ್ಲಿಗೆ ತಿಳಿಯಿತು. ಎಲ್ನುರಾ ಕಲಿತದ್ದು ಒಬ್ಬ ಬಸುರಿಗಾಗಿ ಒಂದೇ ಒಂದು ಚಳಿಗಾಲಕ್ಕೆ ಬರೆದ ಹಾಡು. ಸಂಜೆ ಬಂದ ಹುಡುಗಿ ಸುದ್ದಿ ಕೇಳಿ ಕಥೆಯ ಪುಸ್ತಕವನ್ನು ಮೇಜಿನ ಮೇಲೆ ವಾಪಸು ಇಡುತ್ತಾಳೆ. ನಾಲ್ಕು ತಿಂಗಳಿಂದ ಇದನ್ನೇ ಹಾಡಿದ್ದೇನೆ, ಊರಿಗೆ ಹೋಗಿಬಿಡುತ್ತೇನೆ ಎನ್ನುತ್ತಾಳೆ. ಎಜೆ ಸಮಾಧಾನ ಹೇಳುವುದಿಲ್ಲ.

"ನಿನಗೆ ಎರಡು ದಿನ ಇದೆ" ಎನ್ನುತ್ತಾರೆ. "ಗುಲ್‌ಬಾರಾಗೆ ಎರಡು ನಿಮಿಷಾನೂ ಇರಲಿಲ್ಲ. ನಾಳೆ ಆರೂವರೆಗೆ ಬಾ."

ಗುರುವಾರವೂ ಶುಕ್ರವಾರವೂ ಆ ಕಿಟಕಿಯಿಂದ ಎರಡು ದನಿ ಕೇಳುತ್ತವೆ. ಮೇಲಿನ ಸ್ವರ ಬಂದಾಗ ಎಜೆ ಕೈಯೆತ್ತಿ ನಿಲ್ಲಿಸುತ್ತಾರೆ, ಇನ್ನೊಮ್ಮೆ ಎನ್ನುತ್ತಾರೆ. ಗುರುವಾರ ಅದು ಒಡೆಯುತ್ತದೆ. ಶುಕ್ರವಾರ, ಮೂರರಲ್ಲಿ ಎರಡು ಸಲ ನಿಲ್ಲುತ್ತದೆ.

ಹನ್ನೊಂದು ಗಂಟೆಗೆ ಎಜೆ ದಂತವೈದ್ಯರೊಬ್ಬರಿಗೆ ರೇಡಿಯೋದಲ್ಲಿ ಅರ್ಧ ಕೇಳಿದ ಆಪೆರಾ ಹುಡುಕಿಕೊಡುತ್ತಿದ್ದಾರೆ. ನಾಯಕಿ ಕೊನೆಗೆ ಏನಾದಳು ಎಂದು ತಿಳಿಯದೆ ಅವರಿಗೆ ಎರಡು ದಿನದಿಂದ ಕೆಲಸ ಹತ್ತಿಲ್ಲವಂತೆ. ಸತ್ತಳು ಎಂದು ಎಜೆ ಹೇಳುತ್ತಾರೆ. ಒಂದು ಗಂಟೆಗೆ ಎಲ್ನುರಾ ಬರುತ್ತಾಳೆ. ಸಿಕ್ಕಿರುವುದು ಮುಖ್ಯ ಪಾತ್ರವಲ್ಲ. ಮುಖ್ಯ ಗಾಯಕಿ ಬಾರದ ದಿನ ಹಾಡುವ ಜಾಗ. ವಾದ್ಯಗಳು ಮೇಲಿನ ಶ್ರುತಿಯಲ್ಲೇ ಶುರುವಾದವು, ನಾನೂ ಅಲ್ಲೇ ಇದ್ದೆ ಎನ್ನುತ್ತಾಳೆ. ಎಜೆ ತಲೆಯಾಡಿಸಿ, ಓದುಗರಿದ್ದಾರೆ, ಮೆಲ್ಲಗೆ ಮಾತಾಡು ಎನ್ನುತ್ತಾರೆ.

ವಸಂತದಲ್ಲಿ ಪ್ರಯೋಗವಿದೆ, ಮುಂದಿನ ಸಾಲಲ್ಲಿ ಕೂರಿಸುತ್ತೇನೆ ಎಂದು ಹುಡುಗಿ ಕರೆದಳು. ಬರುವುದಿಲ್ಲ ಎಂದುಬಿಟ್ಟರು. ಅವಳು ಹೋದ ಮೇಲೆ ನಾನು ಕಾರಣ ಕೇಳಿದೆ.

"ಅಲ್ಲಿ ಕೂತ್ರೆ ಹಾಡಿನ ಮೂರನೇ ಸಾಲು ಯಾವಾಗ ದಾಟುತ್ತೋ ಅಂತ ಕಾಯ್ತಾ ಇರ್ತೀನಿ. ಹಾಡು ಕಿವಿಗೆ ಬೀಳಲ್ಲ" ಎಂದರು ಕಲಿಪಾ ಎಜೆ. ದಂತವೈದ್ಯರ ಚೀಟಿಯನ್ನು ಕಂತೆಗೆ ಸೇರಿಸುತ್ತಾ ಮುಂದುವರಿಸಿದರು: "ಯಾರೂ ನನ್ನ ಹತ್ರ ಬಂದು ಕೇಳಿರದ ಆಪೆರಾ ಒಂದಿದ್ರೆ ಹೇಳು. ಕಥೆ ಗೊತ್ತಿಲ್ಲದೇ ಹೋಗಿ ಕೂತ್ಕೋಬೇಕು."