ಕ್ಲಾರಿನೆಟ್ಟಿನ ಜಾಗ

ಬೆಳಿಗ್ಗೆ ಏಳಕ್ಕೆ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಜೊತೆ ಜಗಳವಾಡಿಯೇ ಹೊರಟೆ. ಹೆಂಗಸಾದ ನನಗೆ ಟಿಕೆಟ್ ಪುಕ್ಕಟೆ, ಜೊತೆಗೆ ಬಂದ ಹನುಮಂತ ಮಾಮನ ಡ್ರಮ್ಮಿಗೆ ಮಾತ್ರ ಲಗೇಜ್ ಚಾರ್ಜಂತೆ!

ನಮ್ಮ ಅಜ್ಜ ಬ್ರಿಟಿಷರ ದಂಡಿನ ಬ್ಯಾಂಡಿನಲ್ಲಿದ್ದ ಗೋವಾ ಮಾಸ್ತರನೊಬ್ಬನಿಂದ ಜಾಜ್ ಕಲಿತು ಕಟ್ಟಿದ ಬ್ಯಾಂಡು, ಮೂರು ತಲೆಮಾರಿನಿಂದ ಊರೂರು ತಿರುಗುತ್ತಿದೆ. ಟ್ರಂಪೆಟ್ ಪ್ರಶ್ನೆ ಕೇಳಬೇಕು, ಕ್ಲಾರಿನೆಟ್ ಉತ್ತರಿಸಬೇಕು. ಎಲ್ಲವೂ ಕೇಳಿಯೇ ಕಲಿತದ್ದು, ಬರಹವಿಲ್ಲ. ಹನ್ನೆರಡು ವರ್ಷದ ಹಿಂದೆ ಕ್ಲಾರಿನೆಟ್ಟಿನ ಇಮಾಮ್‌ಸಾಬ್ ಕಾಕಾ ಅಪ್ಪನೊಡನೆ ಜಗಳವಾಡಿ ಸಿರುಗುಪ್ಪ ಸೇರಿದರು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಬಾಯಿ ಹಾಕಬಾರದೆಂಬುದು ನಮ್ಮ ಪದ್ಧತಿ. ಹಾಗಾಗಿ ಅವರ ಉತ್ತರ ಬರಬೇಕಾದಲ್ಲಿ ಬರೀ ಡ್ರಮ್ ಬಾರಿಸುತ್ತ ಬಂದೆವು. ಈಗ ಅಪ್ಪನಿಲ್ಲ, ಬ್ಯಾಂಡೂ ಟ್ರಂಪೆಟ್ಟೂ ನನ್ನವು. ಕಾಕಾನನ್ನು ಕರೆತಂದೇ ತೀರುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದೆ.

ದಾರಿಯಲ್ಲಿ ಕುರುಗೋಡಿನ ಒಂದು ಗೃಹಪ್ರವೇಶಕ್ಕೆ ಇಬ್ಬರೇ ನುಡಿಸಿದೆವು. ಮನೆಯ ಮುದುಕಿ ಕೇಳಿಯೇಬಿಟ್ಟಳು: “ಯವ್ವಾ, ನಡು ನಡುವ ಯಾಕ ನಿಲ್ಲಸ್ತಿ? ಹಲ್ಲು ಬಿದ್ದ ಬಾಯಿ ಆತಲ್ಲ!” ನಾಚಿಕೆಯಾಯಿತು. ಮಂಡಕ್ಕಿ, ಮಿರ್ಚಿ ತಿಂದು ಸಿರುಗುಪ್ಪದ ಬಸ್ಸು ಹತ್ತಿದೆವು. ಎರಡೂ ಕಡೆ ಭತ್ತದ ಗದ್ದೆ, ಮೇಲೆ ಕೆಂಡದಂಥ ಬಿಸಿಲು.

ಕಾಕಾ ಈಗ ದರ್ಜಿ. ಬ್ಯಾಂಡಿಗೆ ಬರ್ರಿ ಎಂದರೆ ಹೊಲಿಗೆ ಮಿಷನ್ನಿನಿಂದ ತಲೆಯೆತ್ತಲಿಲ್ಲ.

“ಹಲ್ಲಿಲ್ಲ, ಉಸುರಿಲ್ಲ. ಹೋಗು.”

ನಾನೂ ಹಠಮಾರಿಯೇ. ಅಂಗಡಿ ಮುಂದೆ ನಿಂತು ಅಜ್ಜ ಕಟ್ಟಿದ ಧಾಟಿ ಊದಿದೆ. ಉತ್ತರದ ಜಾಗದಲ್ಲಿ ಮಾಮ ಡ್ರಮ್ ಬಾರಿಸಿದ. ಮತ್ತೆ ಊದಿದೆ. ಓಣಿಯ ಜನ ಸೇರಿದರು. ಮೂರನೆಯ ಸಲಕ್ಕೆ ಕಾಕಾ ಕತ್ತರಿ ಒಗೆದು ಹೊರಗೆ ಬಂದರು.

“ನನ್ನ ಜಾಗ ಯಾಕ ಖಾಲಿ ಬಿಟ್ಟೀರಿ?”

“ನಿಮಗ ಮರ್ಯಾದಿ ಕೊಡಾಕ, ಕಾಕಾ.”

“ಎಂಥಾ ಮರ್ಯಾದಿಲೇ! ಊದೋರು ಊದೋತನಕ ಬ್ಯಾರೆಯವರು ಬಾಯಿ ಹಾಕಬಾರದು, ಪದ್ಧತಿ ಅಷ್ಟ. ಉಸುರು ಹೋತಂದ್ರ ಮುಂದಿನವ್ರಿಗೆ ಕಲಿಸಬೇಕು. ನಿಮ್ಮಪ್ಪ ಕೇಳಾಕ ಬರಲಿಲ್ಲ, ನಾನೂ ಹೇಳಿಕೊಡಾಕ ಹೋಗಲಿಲ್ಲ. ಇಬ್ಬರದೂ ಸೊಕ್ಕು.”

ನನಗೆ ಅಳು ಬಂತು. ಅವರು ಕಟ್ಟೆಯ ಮೇಲೆ ಕೂತು ಬಾಯಲ್ಲೇ ಉತ್ತರ ಹಾಡಿದರು. ನಾನು ಟ್ರಂಪೆಟ್ಟಿನಲ್ಲಿ ಹಿಡಿದೆ. ತಪ್ಪಿದಾಗೆಲ್ಲ ಬೈದರು. ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ.

ಐದು ಗಂಟೆಗೆ ಕಾಕಾ ಬಸ್‌ಸ್ಟ್ಯಾಂಡಿನವರೆಗೂ ಬಂದರು.

“ಬರ್ರಿ ಕಾಕಾ, ಸುಮ್ಮನ ಕುಂದ್ರಾಕಾದ್ರೂ ಬರ್ರಿ.”

“ಒಲ್ಲೆವ್ವಾ. ಅಲ್ಲಿ ಈಗ ನನ್ನ ಜಾಗ ಇಲ್ಲ,” ಎಂದು ನಕ್ಕು ಕಣ್ಣೊರೆಸಿಕೊಂಡರು.

ಅವ್ವನಿಗೆ ಕೊಟ್ಟ ಮಾತು ಮುರಿದಿತ್ತು. ಬಸ್ಸು ಹೊರಟಿತು. ಕಿಟಕಿಯಿಂದ ತಲೆ ಹೊರಹಾಕಿ ಪ್ರಶ್ನೆ, ಉತ್ತರ ಎರಡನ್ನೂ ಊದಿದೆ. ಕೊನೆಯ ಸಾಲಿನಲ್ಲಿ ತಪ್ಪಿತು. ಉಸಿರಿಲ್ಲವೆಂದ ಕಾಕಾ ಬಸ್ಸಿನ ಹಿಂದೆ ಓಡಿಬಂದು, ಸರಿಯಾದ ಸಾಲನ್ನು ಪೂರಾ ಹಾಡಿಯೇ ನಿಂತರು.