ಮಗ್ಗದ ಸದ್ದಿನೊಳಗೆ ಆಡಿದ ಮಾತು

ನೀವು ನನ್ನ ದನಿ ಕೇಳಿದವರಲ್ಲ. ನಿಮ್ಮಲ್ಲಿ ದೊಡ್ಡವಳು ಹುಟ್ಟುವ ಮೊದಲೇ ಅದು ಹೋಗಿತ್ತು. ಅಜ್ಜಿ ಅಂದರೆ ಪಿಸುಗುಟ್ಟುವವಳು ಎಂದೇ ತಿಳಿದು ಬೆಳೆದಿರಿ. ಚಿಕ್ಕವನಂತೂ ನನ್ನ ಹತ್ತಿರ ಬಂದರೆ ತಾನೂ ಪಿಸುಗುಡುತ್ತಾನೆ. ದನಿ ಹೇಗೆ ಹೋಯಿತು ಎಂದು ಮೊನ್ನೆ ಕೇಳಿದಿರಿ. ಅಷ್ಟೆಲ್ಲ ಬಾಯಲ್ಲಿ ಹೇಳಲು ಉಸಿರು ಸಾಲದು, ಬರೆಯುತ್ತೇನೆ.

ನಾನು ಮೊದಲಿನಿಂದಲೂ ಸಂಕೋಚದವಳು. ಆವತಿ ಕಡೆಯ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ತಲೆ ತಗ್ಗಿಸುತ್ತಿದ್ದೆ. ಮದುವೆಯಾಗಿ ದೊಡ್ಡಬಳ್ಳಾಪುರದ ಈ ಮನೆಗೆ ಬಂದೆ. ಕರೆಂಟ್ ಮಗ್ಗಗಳು ಓಡುತ್ತಿದ್ದರೆ ಇಲ್ಲಿ ಎದುರಿಗೆ ನಿಂತವರ ಮಾತೂ ಕೇಳುವುದಿಲ್ಲ. ಎಳೆ ಕಡಿಯಿತು, ಊಟಕ್ಕೆ ಬಾ, ಯಾರೋ ಬಂದಿದ್ದಾರೆ, ಎಲ್ಲವೂ ಕೈಸನ್ನೆಯಲ್ಲೇ. ಸ್ವಲ್ಪ ಕಾಲ ಕಳೆದ ಮೇಲೆ ನನಗೆ ಹೊಳೆಯಿತು, ಇಲ್ಲಿ ನಾನು ಏನು ಹೇಳಿದರೂ ಯಾರ ಕಿವಿಗೂ ಬೀಳುವುದಿಲ್ಲ ಎಂದು.

ಆವತ್ತಿನಿಂದ ಮಾತಾಡತೊಡಗಿದೆ. ಗಂಟಲು ಬಿಟ್ಟು, ದೊಡ್ಡದಾಗಿ. ಬಾಯಿ ಅಲ್ಲಾಡುವುದು ಕಂಡರೂ ಎಲೆಅಡಿಕೆ ಹಾಕಿದ್ದಾಳೆ ಎಂದುಕೊಳ್ಳುತ್ತಿದ್ದರು. ಅತ್ತೆಗೆ ಹೇಳಲಾಗದ್ದನ್ನೆಲ್ಲ ಅಲ್ಲೇ ಹೇಳಿದೆ. ತೌರಿಗೆ ಕಳಿಸದ ವರ್ಷ ನಿಮ್ಮ ತಾತನ ಬೆನ್ನ ಹಿಂದೆಯೇ ನಿಂತು, "ಮನುಷ್ಯರಾ ನೀವು? ನಮ್ಮವ್ವನ್ ಮುಖ ನೋಡ್ಬೇಕು ಅನ್ಸಲ್ವಾ ನಂಗೆ?" ಎಂದು ಬಯ್ದೆ. ಅವರು ಹಾಯಾಗಿ ನೇಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಮಗ್ಗವನ್ನೂ ನಾನೇ ನೋಡಿಕೊಂಡೆ. ನಾಲ್ಕು ಜನರ ಎದುರು ಅಳಲು ನಾಚಿಕೆ. ಆ ಮಗ್ಗದ ಮುಂದೆ ನಿಂತು ಮನೆಯ ಸಮಾಚಾರವೆಲ್ಲ ಅವರಿಗೆ ಒಪ್ಪಿಸುತ್ತಿದ್ದೆ. ಅವರು ಬದುಕಿದ್ದಾಗ ಆಡದ ಮಾತೂ ಅದರಲ್ಲಿ ಇರುತ್ತಿತ್ತು.

ದನಿ ಒಡೆಯತೊಡಗಿದಾಗ ಯಾರೂ ಗಮನ ಕೊಡಲಿಲ್ಲ. ಬೀದಿಯಲ್ಲೂ ಆ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿ ನಮ್ಮ ಕೇರಿಯವರ ಗಂಟಲೆಲ್ಲ ಒಡಕೇ. ನಮ್ಮಲ್ಲಿ ನೇಯಲು ಬರುತ್ತಿದ್ದ ಪಕ್ಕದ ಮನೆಯವಳು ನಕ್ಕಳು.

"ಅಕ್ಕಾ, ನಿಂಗೂ ನಮ್ ಕೇರಿ ದನಿ ಬಂತು ಬಿಡು. ಈಗ ನೀನು ನಮ್ಮೋಳಾದೆ."

ಗಂಡ ಹೋದ ಮೇಲೆ ತಾಳಿ ಇಲ್ಲದ ಬರಿಯ ಕುತ್ತಿಗೆ ತೋರಿಸಲು ಮನಸ್ಸಾಗದೆ ನಾನು ಸದಾ ಸೆರಗು ಸುತ್ತಿಕೊಂಡಿರುತ್ತಿದ್ದೆ. ಅದರ ಅಡಿಯಲ್ಲಿ ಏನು ಬೆಳೆಯುತ್ತಿದೆ ಎಂದು ನನಗೇ ಸರಿಯಾಗಿ ತಿಳಿಯಲಿಲ್ಲ. ಒಂದು ಬೆಳಿಗ್ಗೆ ನಿಮ್ಮಪ್ಪ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಹೊರಟಿದ್ದ. ಚೊಂಬು ಎತ್ತಿ ನೀರು ಕುಡಿಯುವಾಗ ನನ್ನ ಸೆರಗು ಜಾರಿತು.

"ಅಮ್ಮ, ಅದೇನಮ್ಮ ಗಂಟ್ಲಲ್ಲಿ?"

"ಏನಿಲ್ಲ ಕಣೋ, ಹೊರಡು. ಬಸ್ಸು ಹೋಗ್ಬಿಡ್ತದೆ."

"ಇನ್ನೊಂದ್ ಗುಟುಕು ಕುಡಿ. ನೋಡು, ನುಂಗಿದ್ರೆ ಮೇಲಕ್ಕೋಗಿ ಕೆಳಕ್ಕೆ ಬರ್ತದೆ!"

ಅವನು ಆವತ್ತು ಕೆಲಸಕ್ಕೆ ಹೋಗಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹಿಂದೆ ನಿಂತು ನನ್ನ ಕುತ್ತಿಗೆಯ ಮೇಲೆ ಬೆರಳಿಟ್ಟು ನುಂಗಲು ಹೇಳಿದರು. ನಾಚಿಕೆಗೆ ಬಾಯೊಳಗೆ ಎಂಜಲೇ ಇರಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಒಂದು ಚಿತ್ರ ತೋರಿಸಿದರು. ಕುತ್ತಿಗೆಯ ಮುಂದೆ ಪಟ್ಟಿಯಂಥ ಸ್ನಾಯುಗಳು. ಕೆಲವು ನಾಲಿಗೆಯ ಬುಡದ ಮೂಳೆಯಿಂದ ಎದೆಮೂಳೆಯವರೆಗೆ ಉದ್ದಕ್ಕೆ ಇಳಿದಿದ್ದವು, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಹಾಗೆ.

"ಇವನ್ನ ನಡುವೆ ಬಿಡಿಸಿ ಪಕ್ಕಕ್ಕೆ ಸರಿಸ್ತೀವಮ್ಮ. ಅಡಿಯಲ್ಲಿ ಇದು, ಥೈರಾಯ್ಡ್ ಗ್ರಂಥಿ. ಉಸಿರಿನ ಕೊಳವೆಗೆ ಅಂಟ್ಕೊಂಡಿರುತ್ತೆ, ಅದಕ್ಕೇ ನುಂಗಿದ್ರೆ ಮೇಲೇರುತ್ತೆ. ಇದರ ಹಿಂದೆ ಆ ಕಡೆ ಒಂದು, ಈ ಕಡೆ ಒಂದು ತೆಳು ನರ ಇದೆ. ದನಿ ಪೆಟ್ಟಿಗೆ ಆಡ್ಸೋದು ಅವೇ. ನಿಮ್ಮ ಗಡ್ಡೆ ಒಂದು ನರಾನ ಹಿಡ್ಕೊಂಡಿದೆ. ಕ್ಯಾನ್ಸರ್ ಗಡ್ಡೆ, ಬಿಡೋ ಹಾಗಿಲ್ಲ. ತೆಗೀವಾಗ ಆ ನರಾನೂ ಹೋಗಬಹುದು."

ನಾನಾಗಿ ಅವರನ್ನು ಕೇಳಿದ್ದು ಒಂದೇ ಮಾತು. "ಕಡಿದ್ರೆ ಮತ್ತೆ ಗಂಟು ಹಾಕೋಕಾಗಲ್ವಾ?"

"ಕೆಲವು ಸಲ ಜೋಡಿಸ್ತೀವಿ. ಆದ್ರೂ ದನಿ ಮೊದಲಿನ ಹಾಗೆ ಬರಲ್ಲ."

ನಿಮ್ಮಪ್ಪನ ಕಣ್ಣು ಕೆಂಪಾಗಿತ್ತು. "ಜೀವ ಒಂದ್ ಉಳಿಸ್ಕೊಡಿ ಸಾರ್. ನಮ್ಮಮ್ಮಂಗೆ ಹೆಂಗೂ ಮಾತೇ ಕಮ್ಮಿ" ಎಂದ. ಪ್ರೀತಿಯಿಂದಲೇ ಅಂದ. ಅಲ್ಲ ಕಣಪ್ಪಾ ಎನ್ನಲು ನನಗೆ ಬಾಯಿ ಬರಲಿಲ್ಲ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಗ್ಗದ ಮನೆಗೆ ಹೋದೆ. ನಿಮ್ಮ ತಾತನಿಗೆ ವಿಷಯ ತಿಳಿಸಬೇಕಿತ್ತು. ದನಿ ಒಡಕಾದರೂ ಇನ್ನೂ ಇತ್ತು. ಹೋಗಿ ನಿಂತೆ, ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು ಒಳಗೆ ಕೇಳಿತು. ಪಕ್ಕದ ಮನೆಯವಳು ಕಾಲು ಚಾಚಿ ಕೂತು, "ಯಾಕಕ್ಕಾ ಹಂಗ್ ನಿಂತ್ಬಿಟ್ಟೆ? ಭಯಾನಾ?" ಎಂದಳು. ಇಲ್ಲವೆಂದು ತಲೆ ಆಡಿಸಿದೆ. ಸಂಜೆಯವರೆಗೂ ಕಾದೆ. ಕರೆಂಟ್ ಬರಲಿಲ್ಲ.

ಗಡ್ಡೆಯ ಜೊತೆ ಆ ನರವೂ ಹೋಯಿತು. ಆಪರೇಷನ್ ಆಗಿ ಮನೆಗೆ ಬಂದು, ಗಾಯ ಒಣಗಿದ ಮೇಲೆ ಓಡುವ ಮಗ್ಗದ ಮುಂದೆ ನಿಂತು ಬಾಯಿ ತೆರೆದೆ. ಆ ಸದ್ದಿನಲ್ಲಿ ನನ್ನ ಮಾತು ನನ್ನ ಕಿವಿಗೂ ಎಂದೂ ಕೇಳಿದ್ದಲ್ಲ. ಗಂಟಲಲ್ಲಿ, ಎದೆಯಲ್ಲಿ ಒಂದು ಅದುರು, ಅದರಿಂದಲೇ ಮಾತಾಡುತ್ತಿದ್ದೇನೆ ಎಂದು ಗೊತ್ತಾಗುತ್ತಿತ್ತು. ಈಗ ಕುತ್ತಿಗೆಗೆ ಕೈ ಇಟ್ಟು ನೋಡಿದೆ. ಬೆರಳಿಗೆ ಹೊಲಿಗೆಯ ಗೆರೆ ಸಿಕ್ಕಿತು. ಅದುರು ಸಿಗಲಿಲ್ಲ. ಬರೀ ಗಾಳಿ ಹೊರಬಿತ್ತು. ಬಾಯಿ ಆಡಿಸಿದ್ದೆನೇ ಹೊರತು ನಿಮ್ಮ ತಾತನಿಗೆ ಏನೂ ಹೇಳಿದಂತೆ ಆಗಲಿಲ್ಲ. ಇನ್ನೂ ಕೆಲವು ದಿನ ಪ್ರಯತ್ನಪಟ್ಟು ಬಿಟ್ಟೆ.

ಈಗ ಮನೆಯಲ್ಲಿ ನನ್ನ ತುಟಿ ಅಲ್ಲಾಡಿದರೆ ಸಾಕು, ನಿಮ್ಮಮ್ಮ ಟಿವಿ ಆರಿಸುತ್ತಾಳೆ, ನಿಮ್ಮಪ್ಪ ಬಗ್ಗಿ ಕಿವಿ ತರುತ್ತಾನೆ. ನೀವೂ ಆಟ ಬಿಟ್ಟು ನನ್ನ ಬಾಯನ್ನೇ ನೋಡುತ್ತೀರಿ. ಇಷ್ಟು ಜನ ಕಾದು ಕೂತರೆ ನಾನೇನು ಹೇಳಲಿ? ಮಾತ್ರೆ ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತೇನೆ.