ಹಿಮ್ಮಡಿಯ ನೋವು, ಅತ್ತೆಯ ಕಿವಿ

ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗವಿದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತಾ ಸೀರೆ ನೇಯಬೇಕು. ಹೋದ ವರ್ಷ ಆ ಕುಣಿಯಿಂದ ದಡಬಡಿಸಿ ಮೇಲೇಳಲು ಹೋಗಿ ಬಲ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಹರಿದುಕೊಂಡೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಅಷ್ಟೇ! ಬಾಗಲಕೋಟೆಯಲ್ಲಿ ಆಪರೇಷನ್ ಆಯಿತು. ಪ್ಲಾಸ್ಟರ್ ಬಿಚ್ಚುವ ಮೊದಲೇ ನನ್ನ ಗಂಡ, "ಇನ್ನ ಈ ಕುಣಿ ಮುಚ್ಚಿ ಟೈಲ್ಸ್ ಹಾಕ್ಸೂಣು" ಅಂದರು. ಮಗ್ಗ ಹೋದರೆ ನಾನು ಯಾರು?

ಹಟಕ್ಕೆ ಬಿದ್ದೆ. ನಡೆಯಲು ಬಂದ ಮೇಲೆ, ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ದಿನಕ್ಕೆ ಸ್ವಲ್ಪ ಹೊತ್ತು ತುಳಿಯಲು ಒಪ್ಪಿದರು. ನಾನೋ, ನೋವಿನ ಗುಳಿಗೆ ನುಂಗಿ ಮಧ್ಯಾಹ್ನದವರೆಗೆ ತುಳಿದೆ. ನೋವೇ ಇಲ್ಲ! ಮರುದಿನ ಕಾಲು ಊರಲಾಗಲಿಲ್ಲ.

"ಮಗ್ಗಕ್ಕ ಕೂಡೂ ಮುಂದ ಗುಳಿಗಿ ಬ್ಯಾಡ್ರಿ. ನೋವಿನ ಬಾಯಿ ಮುಚ್ಚಿದ್ರ ಎಲ್ಲಿ ನಿಲ್ಲಬೇಕಂತ ನಿಮಗ ಯಾರ ಹೇಳ್ಬೇಕು? ಚೂರು ನೋವಿರ್ಲಿ, ಮರುದಿನ ಮುಂಜಾನಿಗೆ ಇಳದಿರಬೇಕು" ಎಂದು ಡಾಕ್ಟರಮ್ಮ ಬೈದರು.

ಆದರೆ ನೇಯಲು ಕೂತವಳಿಗೆ ನಿಲ್ಲುವುದು ಎಲ್ಲಿ ತಿಳಿಯುತ್ತದೆ? ಆ ಕೆಲಸ ಅತ್ತೆ ವಹಿಸಿಕೊಂಡರು. ಕಣ್ಣು ಮಂಜಾಗಿ ನೇಯುವುದನ್ನು ಬಿಟ್ಟವರು. ನಮ್ಮ ಓಣಿಯ ಹಳಬರಿಗೆ ಎಳೆ ಹರಿದದ್ದೂ ಮಗ್ಗದ ಸಪ್ಪಳದಲ್ಲೇ ಗೊತ್ತಾಗುತ್ತದೆ. ಬಲಗಾಲು ತುಸು ತಡವಾದರೆ ಸಾಕು, ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದವರು ಅಲ್ಲಿಂದಲೇ ಕೂಗುತ್ತಿದ್ದರು:

"ಮಗ್ಗ ಕುಂಟಾಕತ್ತೈತಿ, ಏಳ ಮ್ಯಾಲ!"

"ಇನ್ನೊಂದ ಗೇಣ ನೇಯ್ತೇನ್ರಿ, ಅತ್ಯಾರ."

"ನಿನ್ನ ಗೇಣಿಗೆ ಬೆಂಕಿ ಹತ್ಲಿ, ಏಳ ಅಂದ್ರ ಏಳ!"

ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಗೊಣಗುತ್ತಲೇ ಎದ್ದು, ಬಟ್ಟೆಯಲ್ಲಿ ಐಸ್ ಸುತ್ತಿ ಹಿಮ್ಮಡಿಗೆ ಇಟ್ಟುಕೊಳ್ಳುತ್ತಿದ್ದೆ. ಬೆಳಿಗ್ಗೆ ನೋಡಿದರೆ, ಖರೆ, ನೋವು ಇಳಿದಿರುತ್ತಿತ್ತು. ವಾರಗಳು ಕಳೆದಂತೆ ಒಂದು ಗೇಣು ಎರಡಾಯಿತು.

ಚಳಿಗಾಲದ ಒಂದು ಮುಂಜಾನೆ ಕೂಗು ಬರಲೇ ಇಲ್ಲ. ಬಿಸಿಲು ಹೊಸ್ತಿಲು ದಾಟಿತು. ಮುದುಕಿಗೆ ಏನಾಯಿತಪ್ಪಾ ಎಂದು ಗಾಬರಿಯಾಗಿ ಮಗ್ಗ ನಿಲ್ಲಿಸಿದೆ. "ಅತ್ಯಾರ, ಆರಾಮ ಅದೀರಿಲ್ರಿ?"

ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದ ಮಗನಿಗೆ ಅತ್ತೆ ಹೇಳುತ್ತಿದ್ದರು: "ಕೇಳಿದ್ಯಾ? ಎರಡೂ ಕಾಲು ಒಂದ ತೂಕದಾಗ ಬೀಳಾಕತ್ತಾವ. ಇನ್ನೊಮ್ಮಿ ಕುಣಿ ಮುಚ್ಚೂ ಮಾತ ತಗದೀ ಅಂದ್ರ ನೋಡ ಮತ್ತ!"

ನನ್ನ ಗಂಡ ತಲೆ ತಗ್ಗಿಸಿ ಇನ್ನೊಂದು ತುಂಡು ರೊಟ್ಟಿ ಮುರಿದುಕೊಂಡರು. ನಾನು ಕುಣಿಯಲ್ಲಿ ಕೂತೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅಳತೊಡಗಿದೆ, ಸಂತೋಷಕ್ಕೆ.